ವಂಶವೃಕ್ಷ ಪ್ರಮಾಣಪತ್ರ

ಈ ಲೇಖನವು ವಾರಸುದಾರರನ್ನು ಗುರುತಿಸುವ ಕಾನೂನು ದಾಖಲೆಯ ಕುರಿತಾಗಿದೆ. ಎಸ್. ಎಲ್. ಭೈರಪ್ಪನವರ ಕಾದಂಬರಿಗಾಗಿ ವಂಶವೃಕ್ಷ (ಕಾದಂಬರಿ) ಲೇಖನವನ್ನು ನೋಡಿ.

ವಂಶವೃಕ್ಷ ಪ್ರಮಾಣಪತ್ರವು ಮೃತ ವ್ಯಕ್ತಿಯೊಬ್ಬರ ಕುಟುಂಬದ ಸದಸ್ಯರು ಯಾರು, ಅವರು ಮೃತರಿಗೆ ಏನಾಗಬೇಕು ಎಂಬುದನ್ನು ಪ್ರಮಾಣ ಮಾಡಿ ಹೇಳುವ ಲಿಖಿತ ದಾಖಲೆಯಾಗಿದೆ. ಮೃತರ ಹೆಸರಿನಲ್ಲಿರುವ ಜಮೀನು, ಮನೆ, ಬ್ಯಾಂಕ್ ಠೇವಣಿ, ಪಿಂಚಣಿ ಬಾಕಿ ಮೊದಲಾದವುಗಳನ್ನು ವಾರಸುದಾರರ ಹೆಸರಿಗೆ ವರ್ಗಾಯಿಸಿಕೊಳ್ಳುವಾಗ ಈ ದಾಖಲೆಯನ್ನು ಕೇಳಲಾಗುತ್ತದೆ. ಕುಟುಂಬದ ಒಬ್ಬ ಸದಸ್ಯರು ಛಾಪಾ ಕಾಗದದ ಮೇಲೆ ವಂಶವೃಕ್ಷವನ್ನು ಬರೆದು, ಅದು ಸತ್ಯವೆಂದು ನೋಟರಿಯ ಮುಂದೆ ಪ್ರಮಾಣ ಮಾಡಿ ಸಹಿ ಹಾಕುತ್ತಾರೆ. ಕರ್ನಾಟಕದಲ್ಲಿ ಇದರ ಆಧಾರದ ಮೇಲೆ ಮತ್ತು ಸ್ಥಳ ವಿಚಾರಣೆಯ ನಂತರ ಕಂದಾಯ ಇಲಾಖೆಯು ಪ್ರತ್ಯೇಕವಾದ ವಂಶವೃಕ್ಷ ದೃಢೀಕರಣ ಪತ್ರವನ್ನು ನೀಡುತ್ತದೆ.

ಈ ದಾಖಲೆಯು ವಾರಸುದಾರರನ್ನು ಗುರುತಿಸುತ್ತದೆಯೇ ಹೊರತು ಸೃಷ್ಟಿಸುವುದಿಲ್ಲ. ಯಾರು ವಾರಸುದಾರರು ಎಂಬುದನ್ನು ನಿರ್ಧರಿಸುವುದು ಉತ್ತರಾಧಿಕಾರದ ಕಾನೂನು. ಆದುದರಿಂದ ವಂಶವೃಕ್ಷದಲ್ಲಿ ಹೆಸರು ಬಿಟ್ಟುಹೋದ ಮಾತ್ರಕ್ಕೆ ಒಬ್ಬರ ಹಕ್ಕು ಇಲ್ಲವಾಗುವುದಿಲ್ಲ. ಹೆಸರು ಸೇರಿದ ಮಾತ್ರಕ್ಕೆ ಇಲ್ಲದ ಹಕ್ಕು ಹುಟ್ಟುವುದೂ ಇಲ್ಲ.

## ಹೆಸರು ಮತ್ತು ಪರಿಭಾಷೆ

ಕನ್ನಡದಲ್ಲಿ 'ಪ್ರಮಾಣಪತ್ರ' ಎಂಬ ಪದವು ಎರಡು ಅರ್ಥಗಳಲ್ಲಿ ಬಳಕೆಯಲ್ಲಿದೆ. ಒಬ್ಬ ವ್ಯಕ್ತಿ ತಾನೇ ಪ್ರಮಾಣ ಮಾಡಿ ಬರೆದುಕೊಡುವ ಅಫಿಡವಿಟ್ ಒಂದನೆಯದು. ಅಧಿಕಾರಿಯು ಪರಿಶೀಲಿಸಿ ನೀಡುವ ಸರ್ಟಿಫಿಕೇಟ್ ಎರಡನೆಯದು. ಈ ಗೊಂದಲದಿಂದಾಗಿ ನೋಟರಿಯ ಮುದ್ರೆಯಿರುವ ಅಫಿಡವಿಟ್ಟನ್ನೇ ಸರ್ಕಾರದ ದೃಢೀಕರಣವೆಂದು ಭಾವಿಸುವವರಿದ್ದಾರೆ. ಈ ಲೇಖನದಲ್ಲಿ ಮೊದಲನೆಯದನ್ನು 'ಪ್ರಮಾಣಪತ್ರ' ಎಂದೂ, ಎರಡನೆಯದನ್ನು 'ದೃಢೀಕರಣ ಪತ್ರ' ಎಂದೂ ಕರೆಯಲಾಗಿದೆ.

ಇದಕ್ಕೆ ಹತ್ತಿರವಾದ ಇತರ ದಾಖಲೆಗಳು ಇವು:

- ಬದುಕಿರುವ ಕುಟುಂಬ ಸದಸ್ಯರ ದೃಢೀಕರಣ ಪತ್ರ – ಮೃತರ ನಂತರ ಜೀವಂತವಾಗಿರುವ ಹತ್ತಿರದ ಸದಸ್ಯರ ಪಟ್ಟಿ. ಇದರಲ್ಲಿ ಹಿಂದಿನ ತಲೆಮಾರುಗಳ ವಿವರ ಇರುವುದಿಲ್ಲ.
- ಉತ್ತರಾಧಿಕಾರ ಪ್ರಮಾಣಪತ್ರ – ಭಾರತೀಯ ಉತ್ತರಾಧಿಕಾರ ಅಧಿನಿಯಮ, 1925ರ ಅಡಿಯಲ್ಲಿ ಸಿವಿಲ್ ನ್ಯಾಯಾಲಯವು ನೀಡುವ ಆದೇಶ. ಇದು ಮೃತರಿಗೆ ಬರಬೇಕಾದ ಸಾಲ, ಠೇವಣಿ, ಷೇರು ಮುಂತಾದ ಚರಾಸ್ತಿಗೆ ಮಾತ್ರ ಅನ್ವಯಿಸುತ್ತದೆ. ಜಮೀನು ಮತ್ತು ಮನೆಗಳಿಗೆ ಅನ್ವಯಿಸುವುದಿಲ್ಲ.
- ಪೌತಿ ಖಾತೆ – ಮೃತ ಖಾತೆದಾರರ ಹೆಸರಿನಿಂದ ವಾರಸುದಾರರ ಹೆಸರಿಗೆ ಕಂದಾಯ ದಾಖಲೆಯನ್ನು ಬದಲಾಯಿಸುವುದು. 'ಪೌತಿ' ಎಂಬುದು ಮರಣ ಎಂಬ ಅರ್ಥದ ಅರಬ್ಬೀ ಮೂಲದ ಪದವಾಗಿದ್ದು, ಮರಾಠಿಯ 'ಫೌತಿ'ಯೂ ಇದೇ ಮೂಲದ್ದು.

## ಹಿನ್ನೆಲೆ

ಜನನ ಮರಣಗಳ ನೋಂದಣಿ ವ್ಯಾಪಕವಾಗುವ ಮೊದಲು ಒಂದು ಮನೆತನದ ಸಂಬಂಧಗಳಿಗೆ ಸಾಕ್ಷಿಯಾಗಿದ್ದುದು ಊರಿನ ಹಿರಿಯರ ನೆನಪು. ಗ್ರಾಮದ ಲೆಕ್ಕಪತ್ರಗಳನ್ನು ನೋಡಿಕೊಳ್ಳುತ್ತಿದ್ದ ಶಾನುಭೋಗರಿಗೆ ಯಾವ ಜಮೀನು ಯಾವ ಮನೆತನದ್ದು, ಆ ಮನೆಯಲ್ಲಿ ಮಕ್ಕಳೆಷ್ಟು ಎಂಬುದು ತಿಳಿದಿರುತ್ತಿತ್ತು. ವಂಶಪಾರಂಪರ್ಯವಾಗಿ ಬಂದಿದ್ದ ಶಾನುಭೋಗ, ಪಟೇಲ ಮುಂತಾದ ಗ್ರಾಮ ಹುದ್ದೆಗಳನ್ನು 1961ರ ಗ್ರಾಮ ಹುದ್ದೆಗಳ ರದ್ದಿಯಾತಿ ಅಧಿನಿಯಮವು ಕೊನೆಗೊಳಿಸಿತು. ಅವರ ಕೆಲಸವು ಮುಂದೆ ಗ್ರಾಮ ಲೆಕ್ಕಿಗರಿಗೆ ಬಂದಿತು. ಈಗ ಆ ಹುದ್ದೆಯನ್ನು ಗ್ರಾಮ ಆಡಳಿತ ಅಧಿಕಾರಿ ಎಂದು ಕರೆಯಲಾಗುತ್ತದೆ.

ಉತ್ತರ ಕರ್ನಾಟಕದಲ್ಲಿ ಹೆಳವರು ಎಂಬ ಅಲೆಮಾರಿ ಸಮುದಾಯದವರು ಒಕ್ಕಲು ಮನೆತನಗಳ ವಂಶಾವಳಿಯನ್ನು ತಲೆಮಾರುಗಳಿಂದ ಹೇಳುತ್ತ, ಬರೆದಿಡುತ್ತ ಬಂದಿದ್ದಾರೆ. ಹೆಳವರು ಮನೆ ಬಾಗಿಲಿಗೆ ಬಂದಾಗ ಹೊಸದಾಗಿ ಹುಟ್ಟಿದವರ ಹೆಸರನ್ನು ಸೇರಿಸಿಕೊಂಡು, ಮನೆಯ ಹಿರಿಯರ ಹೆಸರುಗಳನ್ನು ಹೇಳಿ, ಧಾನ್ಯ ಅಥವಾ ಹಣವನ್ನು ಪಡೆಯುವುದು ವಾಡಿಕೆ.

ಕರಾವಳಿಯ ತುಳುನಾಡಿನಲ್ಲಿ ಅಳಿಯಸಂತಾನ ಪದ್ಧತಿಯನ್ನು ಅನುಸರಿಸುತ್ತಿದ್ದ ಸಮುದಾಯಗಳಲ್ಲಿ ಆಸ್ತಿಯ ಹಕ್ಕು ತಾಯಿಯ ಕಡೆಯಿಂದ ಬರುತ್ತಿತ್ತು. ಅಲ್ಲಿನ ವಂಶವೃಕ್ಷವು ಮೂಲಪುರುಷನಿಂದಲ್ಲ, ಕುಟುಂಬದ ಮೂಲಸ್ತ್ರೀಯಿಂದ ಆರಂಭವಾಗುತ್ತದೆ. ಅವಳ ಹೆಣ್ಣುಮಕ್ಕಳಿಂದ ಕವರುಗಳು ಕವಲೊಡೆಯುತ್ತವೆ. ಹಿಂದೂ ಉತ್ತರಾಧಿಕಾರ ಅಧಿನಿಯಮ, 1956ರ ನಂತರ ಕುಟುಂಬ ಅಥವಾ ಕವರಿನ ಆಸ್ತಿಯಲ್ಲಿ ಒಬ್ಬ ಸದಸ್ಯರಿಗಿರುವ ಪಾಲು ಅವರ ಮರಣಾನಂತರ ಆ ಅಧಿನಿಯಮದಂತೆ ವಾರಸುದಾರರಿಗೆ ಹೋಗುತ್ತದೆ. ಆದರೂ ಆ ಪಾಲು ಎಷ್ಟೆಂದು ತಿಳಿಯಲು ಹಳೆಯ ವಂಶವೃಕ್ಷವೇ ಬೇಕಾಗುತ್ತದೆ.

## ದಾಖಲೆಯ ಸ್ವರೂಪ

ವಂಶವೃಕ್ಷ ಪ್ರಮಾಣಪತ್ರದಲ್ಲಿ ಸಾಮಾನ್ಯವಾಗಿ ಈ ಭಾಗಗಳಿರುತ್ತವೆ:

1. ಪ್ರಮಾಣ ಮಾಡುವವರ ಹೆಸರು, ವಯಸ್ಸು, ತಂದೆ ಅಥವಾ ಪತಿಯ ಹೆಸರು, ವಾಸಸ್ಥಳ ಮತ್ತು ಮೃತರೊಂದಿಗಿನ ಸಂಬಂಧ.
2. ಮೃತರ ಹೆಸರು, ಮರಣ ಹೊಂದಿದ ದಿನಾಂಕ ಮತ್ತು ಸ್ಥಳ.
3. ಮೂಲಪುರುಷ ಅಥವಾ ಮೂಲಸ್ತ್ರೀಯಿಂದ ಆರಂಭವಾಗುವ ವೃಕ್ಷದ ನಕ್ಷೆ. ಇದರಲ್ಲಿ ಪ್ರತಿಯೊಬ್ಬರ ಹೆಸರು, ವಯಸ್ಸು, ಸಂಬಂಧ, ಜೀವಂತವಾಗಿದ್ದಾರೆಯೇ ಇಲ್ಲವೇ ಎಂಬ ವಿವರ ಇರುತ್ತದೆ.
4. ದಾಖಲೆಯು ಯಾವ ಉದ್ದೇಶಕ್ಕೆ ಬೇಕು ಎಂಬ ಹೇಳಿಕೆ.
5. ನಕ್ಷೆಯಲ್ಲಿರುವವರ ಹೊರತು ಮೃತರಿಗೆ ಬೇರೆ ವಾರಸುದಾರರು ಯಾರೂ ಇಲ್ಲ ಎಂಬ ಘೋಷಣೆ.
6. ಹೇಳಿಕೆ ಸುಳ್ಳೆಂದು ಕಂಡುಬಂದಲ್ಲಿ ಕಾನೂನು ಕ್ರಮಕ್ಕೆ ಬದ್ಧನಾಗಿರುತ್ತೇನೆ ಎಂಬ ಒಪ್ಪಿಗೆ, ಸಹಿ, ಸಾಕ್ಷಿಗಳ ಸಹಿ ಮತ್ತು ನೋಟರಿಯ ದೃಢೀಕರಣ.

ಇವುಗಳಲ್ಲಿ ಐದನೆಯ ಅಂಶವು ಅತ್ಯಂತ ಮಹತ್ವದ್ದು. ಮೊದಲ ಭಾಗಗಳು 'ಇವರು ಇದ್ದಾರೆ' ಎಂದು ಹೇಳಿದರೆ, ಈ ವಾಕ್ಯವು 'ಬೇರೆ ಯಾರೂ ಇಲ್ಲ' ಎಂದು ಹೇಳುತ್ತದೆ. ಇದ್ದವರನ್ನು ಇದ್ದಾರೆಂದು ತೋರಿಸಲು ಆಧಾರ್, ಪಡಿತರ ಚೀಟಿ, ಶಾಲಾ ದಾಖಲೆಗಳು ಸಾಕು. ಬೇರೆ ಯಾರೂ ಇಲ್ಲ ಎಂಬುದನ್ನು ಅಂತಹ ಯಾವ ಕಾಗದವೂ ತೋರಿಸಲಾರದು. ಪ್ರಮಾಣ ಮಾಡುವವರ ಪ್ರಾಮಾಣಿಕತೆಯನ್ನೇ ಅಲ್ಲಿ ನಂಬಬೇಕಾಗುತ್ತದೆ. ವಂಶವೃಕ್ಷಗಳ ಕುರಿತ ವಿವಾದಗಳು ಬಹುಮಟ್ಟಿಗೆ ಈ ಒಂದು ವಾಕ್ಯವನ್ನೇ ಸುತ್ತುವರಿದಿರುತ್ತವೆ.

ನೋಟರಿಗಳು ನೋಟರಿ ಅಧಿನಿಯಮ, 1952ರ ಅಡಿಯಲ್ಲಿ ನೇಮಕಗೊಂಡವರು. ಅವರು ದೃಢೀಕರಿಸುವುದು ಇಂತಹ ವ್ಯಕ್ತಿ ತಮ್ಮ ಮುಂದೆ ಹಾಜರಾಗಿ ಪ್ರಮಾಣ ಮಾಡಿ ಸಹಿ ಹಾಕಿದರು ಎಂಬುದನ್ನು ಮಾತ್ರ. ವಂಶವೃಕ್ಷದ ವಿವರಗಳು ನಿಜವೆಂದು ನೋಟರಿಯ ಮುದ್ರೆಯು ಹೇಳುವುದಿಲ್ಲ.

## ದೃಢೀಕರಣ ಪತ್ರವನ್ನು ಪಡೆಯುವ ವಿಧಾನ

ಕರ್ನಾಟಕದಲ್ಲಿ ವಂಶವೃಕ್ಷ ದೃಢೀಕರಣಕ್ಕಾಗಿ ನಾಡಕಚೇರಿಯಲ್ಲಿ, ಅಂದರೆ ಅಟಲ್‌ಜೀ ಜನಸ್ನೇಹಿ ಕೇಂದ್ರದಲ್ಲಿ, ಅರ್ಜಿ ಸಲ್ಲಿಸಲಾಗುತ್ತದೆ. ಅರ್ಜಿಯೊಂದಿಗೆ ವಂಶವೃಕ್ಷದ ಪ್ರಮಾಣಪತ್ರ, ಮರಣ ಪ್ರಮಾಣಪತ್ರ, ಅರ್ಜಿದಾರರ ಗುರುತಿನ ದಾಖಲೆ ಮತ್ತು ಕುಟುಂಬದ ಸದಸ್ಯರ ವಿವರಗಳನ್ನು ಒದಗಿಸಬೇಕಾಗುತ್ತದೆ.

ಗ್ರಾಮ ಆಡಳಿತ ಅಧಿಕಾರಿಯು ಸ್ಥಳಕ್ಕೆ ಹೋಗಿ ನೆರೆಹೊರೆಯವರನ್ನೂ ಊರಿನ ಹಿರಿಯರನ್ನೂ ವಿಚಾರಿಸಿ, ಅಗತ್ಯವಿದ್ದರೆ ಮಹಜರು ಬರೆದು ವರದಿ ಸಲ್ಲಿಸುತ್ತಾರೆ. ಕಂದಾಯ ನಿರೀಕ್ಷಕರ ಪರಿಶೀಲನೆಯ ನಂತರ ಸಕ್ಷಮ ಅಧಿಕಾರಿಯು ದೃಢೀಕರಣ ಪತ್ರವನ್ನು ನೀಡುತ್ತಾರೆ. ಒಂದು ತಲೆಮಾರಿನ ಹಿಂದೆಯೇ ಊರು ಬಿಟ್ಟು ನಗರಗಳಲ್ಲಿ ನೆಲೆಸಿದ ಕುಟುಂಬಗಳ ವಿಷಯದಲ್ಲಿ ಈ ಸ್ಥಳ ವಿಚಾರಣೆಯು ದುರ್ಬಲವಾಗುತ್ತದೆ. ಮನೆಯ ಮಕ್ಕಳೆಷ್ಟು ಎಂದು ಬಲ್ಲ ನೆರೆಯವರೇ ಅಲ್ಲಿ ಇರುವುದಿಲ್ಲ.

ಕೃಷಿ ಜಮೀನಿನ ವಿಷಯದಲ್ಲಿ ಮುಂದಿನ ಹಂತವು ಪೌತಿ ಖಾತೆಯಾಗಿದೆ. ಕರ್ನಾಟಕ ಭೂ ಕಂದಾಯ ಅಧಿನಿಯಮ, 1964ರ 128ನೆಯ ಪ್ರಕರಣದಂತೆ ಉತ್ತರಾಧಿಕಾರದಿಂದ ಹಕ್ಕು ಪಡೆದವರು ಮೂರು ತಿಂಗಳೊಳಗೆ ಅದನ್ನು ವರದಿ ಮಾಡಬೇಕು. ಅನಂತರ 129ನೆಯ ಪ್ರಕರಣದಂತೆ ಹಕ್ಕು ಬದಲಾವಣೆಯ ನಮೂದನ್ನು ಮಾಡಿ, ಆಸಕ್ತರಿಗೆ ನೋಟಿಸು ನೀಡಿ, ಆಕ್ಷೇಪಣೆಗೆ ಅವಕಾಶ ಕೊಡಲಾಗುತ್ತದೆ. ಆಕ್ಷೇಪಣೆ ಬಾರದಿದ್ದರೆ ನಮೂದು ಖಾಯಂ ಆಗಿ, ಪಹಣಿಯಲ್ಲಿ ಹೊಸ ಹೆಸರುಗಳು ಸೇರುತ್ತವೆ. ಆಕ್ಷೇಪಣೆ ಬಂದರೆ ಪ್ರಕರಣವನ್ನು ತಕರಾರು ಪ್ರಕರಣವಾಗಿ ವಿಚಾರಣೆಗೆ ಒಳಪಡಿಸಲಾಗುತ್ತದೆ.

## ವಾರಸುದಾರರು ಯಾರು

ವಂಶವೃಕ್ಷದಲ್ಲಿ ಕುಟುಂಬದ ಎಲ್ಲರ ಹೆಸರು ಇರಬಹುದು, ಅವರೆಲ್ಲರೂ ವಾರಸುದಾರರಾಗಬೇಕೆಂದಿಲ್ಲ. ಮೃತರು ಉಯಿಲು ಬರೆದಿದ್ದರೆ ಆಸ್ತಿಯು ಅದರಂತೆ ಹೋಗುತ್ತದೆ. ಬರೆಯದೆ ತೀರಿಕೊಂಡಿದ್ದರೆ ಅವರಿಗೆ ಅನ್ವಯಿಸುವ ವೈಯಕ್ತಿಕ ಕಾನೂನಿನಂತೆ ಹಂಚಿಕೆಯಾಗುತ್ತದೆ.

### ಹಿಂದೂ ಉತ್ತರಾಧಿಕಾರ

ಹಿಂದೂ ಉತ್ತರಾಧಿಕಾರ ಅಧಿನಿಯಮವು ಹಿಂದೂಗಳಿಗೂ, ಬೌದ್ಧ, ಜೈನ ಮತ್ತು ಸಿಖ್ಖರಿಗೂ ಅನ್ವಯಿಸುತ್ತದೆ. ವೀರಶೈವ ಮತ್ತು ಲಿಂಗಾಯತರ ಹೆಸರನ್ನು ಅದರ 2ನೆಯ ಪ್ರಕರಣವು ಸ್ಪಷ್ಟವಾಗಿ ಹೇಳುತ್ತದೆ. ಕೇಂದ್ರ ಸರ್ಕಾರವು ಅಧಿಸೂಚನೆಯ ಮೂಲಕ ನಿರ್ದೇಶಿಸಿದ ಹೊರತು ಪರಿಶಿಷ್ಟ ಪಂಗಡಗಳ ಸದಸ್ಯರಿಗೆ ಅದು ಅನ್ವಯಿಸುವುದಿಲ್ಲ.

ಉಯಿಲಿಲ್ಲದೆ ತೀರಿಕೊಂಡ ಪುರುಷನ ಮೊದಲ ವರ್ಗದ ವಾರಸುದಾರರಲ್ಲಿ ಅವನ ಮಗ, ಮಗಳು, ಹೆಂಡತಿ ಮತ್ತು ತಾಯಿ ಮುಖ್ಯರು. ಅವನಿಗಿಂತ ಮೊದಲೇ ತೀರಿಕೊಂಡ ಮಗನ ಅಥವಾ ಮಗಳ ಮಕ್ಕಳು, ತೀರಿಕೊಂಡ ಮಗನ ಹೆಂಡತಿ ಮೊದಲಾದವರೂ ಇದೇ ವರ್ಗಕ್ಕೆ ಸೇರುತ್ತಾರೆ. ತಂದೆಯು ಎರಡನೆಯ ವರ್ಗದಲ್ಲಿದ್ದಾನೆ. ಮೊದಲ ವರ್ಗದಲ್ಲಿ ಒಬ್ಬರಿದ್ದರೂ ತಂದೆಗೆ ಪಾಲು ಬರುವುದಿಲ್ಲ.

ಸ್ತ್ರೀಯ ಆಸ್ತಿಗೆ 15ನೆಯ ಪ್ರಕರಣವು ಬೇರೆ ಕ್ರಮವನ್ನು ಹೇಳುತ್ತದೆ. ಮೊದಲು ಅವಳ ಮಕ್ಕಳು, ಮೊದಲೇ ತೀರಿಕೊಂಡ ಮಕ್ಕಳ ಮಕ್ಕಳು ಮತ್ತು ಗಂಡ. ಅವರಿಲ್ಲದಿದ್ದರೆ ಗಂಡನ ವಾರಸುದಾರರು. ಅನಂತರ ಅವಳ ತಾಯಿ ತಂದೆ. ಆದರೆ ಮಕ್ಕಳಿಲ್ಲದ ಸ್ತ್ರೀಗೆ ತಂದೆ ಅಥವಾ ತಾಯಿಯಿಂದ ಬಂದ ಆಸ್ತಿಯು ಗಂಡನ ಕಡೆಗೆ ಹೋಗದೆ ಅವಳ ತಂದೆಯ ವಾರಸುದಾರರಿಗೆ ಮರಳುತ್ತದೆ. ಹೀಗಾಗಿ ಒಬ್ಬಳೇ ಸ್ತ್ರೀಯ ಎರಡು ಜಮೀನುಗಳಿಗೆ ಎರಡು ಬೇರೆ ಬೇರೆ ವಂಶವೃಕ್ಷಗಳು ಬೇಕಾಗುವ ಸಂದರ್ಭವೂ ಬರಬಹುದು.

ಮೃತರು ತೀರಿಕೊಂಡಾಗ ಗರ್ಭದಲ್ಲಿದ್ದು ಅನಂತರ ಜೀವಂತವಾಗಿ ಹುಟ್ಟಿದ ಮಗುವೂ ವಾರಸುದಾರರಾಗುತ್ತದೆ. ಕಾನೂನುಬದ್ಧವಾಗಿ ದತ್ತು ಪಡೆದ ಮಗುವಿಗೆ ಸ್ವಂತ ಮಗುವಿನಷ್ಟೇ ಹಕ್ಕಿದೆ. ಮೊದಲ ಹೆಂಡತಿ ಇರುವಾಗಲೇ ನಡೆದ ಎರಡನೆಯ ಮದುವೆಯು ಅಸಿಂಧುವಾದರೂ ಆ ಮದುವೆಯಿಂದ ಹುಟ್ಟಿದ ಮಕ್ಕಳು ತಂದೆಯ ಪಾಲಿನ ಆಸ್ತಿಗೆ ವಾರಸುದಾರರು. ಕರ್ನಾಟಕದಿಂದ ಹೋದ ರೇವಣಸಿದ್ಧಪ್ಪ ವಿರುದ್ಧ ಮಲ್ಲಿಕಾರ್ಜುನ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2023ರ ಸೆಪ್ಟೆಂಬರ್ 1ರಂದು ಈ ವಿಷಯವನ್ನು ಇತ್ಯರ್ಥಪಡಿಸಿತು. ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ತಂದೆಗೆ ಬರಬಹುದಾಗಿದ್ದ ಪಾಲಿನಲ್ಲಿಯೂ ಈ ಮಕ್ಕಳಿಗೆ ಹಕ್ಕಿದೆ ಎಂದು ಅದು ಹೇಳಿತು.

### ಒಂದು ಉದಾಹರಣೆ

ಸ್ವಯಾರ್ಜಿತವಾದ 6 ಎಕರೆ ಜಮೀನುಳ್ಳ ಒಬ್ಬ ಹಿಂದೂ ರೈತ ಉಯಿಲು ಬರೆಯದೆ ತೀರಿಕೊಂಡನೆಂದು ಭಾವಿಸಿಕೊಳ್ಳಬಹುದು. ಅವನಿಗೆ ತಾಯಿ, ಹೆಂಡತಿ, ಇಬ್ಬರು ಗಂಡುಮಕ್ಕಳು ಮತ್ತು ಮದುವೆಯಾದ ಒಬ್ಬ ಮಗಳು ಇದ್ದಾರೆ. ಇನ್ನೊಬ್ಬ ಮಗಳು ಅವನಿಗಿಂತ ಮೊದಲೇ ತೀರಿಕೊಂಡಿದ್ದು, ಅವಳಿಗೆ ಇಬ್ಬರು ಮಕ್ಕಳಿದ್ದಾರೆ.

ಊರಿನಲ್ಲಿ ಈ ಆಸ್ತಿಯನ್ನು 'ಇಬ್ಬರು ಗಂಡುಮಕ್ಕಳಿಗೆ ಮೂರು ಮೂರು ಎಕರೆ' ಎಂದು ಲೆಕ್ಕ ಹಾಕುವುದುಂಟು. ಕಾನೂನಿನ ಲೆಕ್ಕ ಬೇರೆ. ತಾಯಿ, ಹೆಂಡತಿ, ಇಬ್ಬರು ಗಂಡುಮಕ್ಕಳು, ಬದುಕಿರುವ ಮಗಳು ಇವರಿಗೆ ತಲಾ ಒಂದು ಪಾಲು. ತೀರಿಕೊಂಡ ಮಗಳ ಶಾಖೆಗೆ ಒಂದು ಪಾಲು. ಒಟ್ಟು ಆರು ಪಾಲುಗಳಾಗಿ, ಒಂದೊಂದಕ್ಕೆ 1 ಎಕರೆ ಬರುತ್ತದೆ. ತೀರಿಕೊಂಡ ಮಗಳ ಇಬ್ಬರು ಮಕ್ಕಳು ತಮ್ಮ ತಾಯಿಯ ಪಾಲನ್ನು ತಲಾ 20 ಗುಂಟೆಯಂತೆ ಹಂಚಿಕೊಳ್ಳುತ್ತಾರೆ.

ಪೌತಿ ಖಾತೆ ಆಗುವ ಮೊದಲೇ ರೈತನ ತಾಯಿಯೂ ತೀರಿಕೊಂಡರೆ ಲೆಕ್ಕ ಮತ್ತೆ ಬದಲಾಗುತ್ತದೆ. ಆಕೆಗೆ ಬಂದಿದ್ದ 1 ಎಕರೆಯು ಮೊಮ್ಮಕ್ಕಳಿಗಷ್ಟೇ ಹೋಗುವುದಿಲ್ಲ. ಆಕೆ ವಿಧವೆಯಾಗಿದ್ದು, ರೈತನಲ್ಲದೆ ಆಕೆಗೆ ಒಬ್ಬ ಮಗಳಿದ್ದರೆ, ಆ ಮಗಳಿಗೆ, ಅಂದರೆ ರೈತನ ಮಕ್ಕಳ ಸೋದರತ್ತೆಗೆ, 20 ಗುಂಟೆ ಸೇರುತ್ತದೆ; ಉಳಿದ 20 ಗುಂಟೆ ರೈತನ ಬದುಕಿರುವ ಮೂವರು ಮಕ್ಕಳಿಗೆ ಸೇರುತ್ತದೆ.

ಈ ಉದಾಹರಣೆಯಿಂದ ಎರಡು ಅಂಶಗಳು ಸ್ಪಷ್ಟವಾಗುತ್ತವೆ. ವಂಶವೃಕ್ಷವನ್ನು ಸಾಮಾನ್ಯವಾಗಿ ಮೃತರಿಂದ ಕೆಳಕ್ಕೆ ಬರೆಯುವುದರಿಂದ ಮೃತರ ಮೇಲಿರುವ ತಾಯಿಯ ಹೆಸರು ಬಿಟ್ಟುಹೋಗುವ ಸಾಧ್ಯತೆ ಹೆಚ್ಚು. ಎರಡನೆಯದಾಗಿ, ತೀರಿಕೊಂಡ ಸದಸ್ಯರ ಹೆಸರಿನ ಮುಂದೆ 'ಮೃತ' ಎಂದು ಬರೆದರೆ ಸಾಲದು. ಮರಣದ ದಿನಾಂಕವೂ ಬೇಕು. ಯಾರು ಮೊದಲು, ಯಾರು ಅನಂತರ ಎಂಬುದರ ಮೇಲೆ ಪಾಲು ನಿರ್ಧಾರವಾಗುತ್ತದೆ.

### ಇತರ ಕಾನೂನುಗಳು

ಮುಸ್ಲಿಮರಿಗೆ ಮುಸ್ಲಿಂ ವೈಯಕ್ತಿಕ ಕಾನೂನು ಅನ್ವಯಿಸುತ್ತದೆ. ಅದರಂತೆ ಮಕ್ಕಳಿರುವಾಗ ಹೆಂಡತಿಗೆ ಎಂಟನೆಯ ಒಂದು ಭಾಗ. ಮಗನಿಗೆ ಬರುವುದರ ಅರ್ಧದಷ್ಟು ಮಗಳಿಗೆ. ಒಬ್ಬ ಮಗ ಬದುಕಿರುವಾಗ, ಮೊದಲೇ ತೀರಿಕೊಂಡ ಮತ್ತೊಬ್ಬ ಮಗನ ಮಕ್ಕಳು ಅಜ್ಜನ ವಾರಸುದಾರರಾಗುವುದಿಲ್ಲ. ಕ್ರೈಸ್ತರಿಗೆ ಭಾರತೀಯ ಉತ್ತರಾಧಿಕಾರ ಅಧಿನಿಯಮ, 1925 ಅನ್ವಯಿಸುತ್ತದೆ. ಅದರಂತೆ ಮಕ್ಕಳಿರುವಾಗ ವಿಧವೆಗೆ ಮೂರನೆಯ ಒಂದು ಭಾಗ, ಉಳಿದ ಮೂರನೆಯ ಎರಡು ಭಾಗ ಗಂಡು ಹೆಣ್ಣೆಂಬ ಭೇದವಿಲ್ಲದೆ ಮಕ್ಕಳಿಗೆ. ಹೀಗೆ ಒಂದೇ ಆಕಾರದ ವಂಶವೃಕ್ಷದಿಂದ ಬೇರೆ ಬೇರೆ ವಾರಸುದಾರರ ಪಟ್ಟಿಗಳು ಹೊರಡುತ್ತವೆ.

## ಹೆಣ್ಣುಮಕ್ಕಳ ಹೆಸರು

ವಂಶವೃಕ್ಷದಿಂದ ಬಿಟ್ಟುಹೋಗುವ ಹೆಸರುಗಳಲ್ಲಿ ಮದುವೆಯಾಗಿ ಹೋದ ಹೆಣ್ಣುಮಕ್ಕಳದು ಪ್ರಮುಖವಾದುದು. ಮದುವೆಯಲ್ಲಿ ಒಡವೆ ಕೊಟ್ಟಾಗಿದೆ, ಆಕೆಯ ಹೆಸರು ಈಗ ಗಂಡನ ಮನೆಯ ಪಡಿತರ ಚೀಟಿಯಲ್ಲಿದೆ, ಆಕೆಗೆ ಪಾಲು ಬೇಡವಂತೆ ಎಂಬ ಕಾರಣಗಳನ್ನು ಹೇಳಲಾಗುತ್ತದೆ. ಇವುಗಳಲ್ಲಿ ಯಾವುದೂ ಕಾನೂನಿನ ದೃಷ್ಟಿಯಲ್ಲಿ ಆಕೆಯನ್ನು ವಂಶವೃಕ್ಷದಿಂದ ಹೊರಗಿಡಲು ಕಾರಣವಾಗುವುದಿಲ್ಲ.

ಹೆಣ್ಣುಮಕ್ಕಳ ಆಸ್ತಿ ಹಕ್ಕಿನ ವಿಷಯದಲ್ಲಿ ಈ ನಾಡಿನ ಕಾನೂನು ಹಂತ ಹಂತವಾಗಿ ಬದಲಾಯಿತು:

- 1933 – ಮೈಸೂರು ಸಂಸ್ಥಾನವು ಹಿಂದೂ ಕಾನೂನಿನಲ್ಲಿ ಸ್ತ್ರೀಯರ ಹಕ್ಕುಗಳ ಕಾಯಿದೆಯನ್ನು ಜಾರಿಗೆ ತಂದಿತು. ಅವಿಭಕ್ತ ಕುಟುಂಬದ ವಿಭಾಗದಲ್ಲಿ ತಾಯಿ, ವಿಧವೆ ಮತ್ತು ಅವಿವಾಹಿತ ಹೆಣ್ಣುಮಕ್ಕಳಿಗೆ ಅದು ಪಾಲು ನೀಡಿತು.
- 1956 – ಹಿಂದೂ ಉತ್ತರಾಧಿಕಾರ ಅಧಿನಿಯಮವು ತಂದೆಯ ಸ್ವಂತ ಆಸ್ತಿಯಲ್ಲಿ ಮಗಳಿಗೆ ಮಗನಷ್ಟೇ ಪಾಲನ್ನು ನೀಡಿತು. ಪಿತ್ರಾರ್ಜಿತ ಅವಿಭಕ್ತ ಆಸ್ತಿಯಲ್ಲಿ ಹುಟ್ಟಿನಿಂದ ಬರುವ ಹಕ್ಕು ಮಾತ್ರ ಗಂಡುಮಕ್ಕಳಿಗೇ ಉಳಿಯಿತು.
- 1994 – ಜುಲೈ 30ರಂದು ಜಾರಿಗೆ ಬಂದ ಕರ್ನಾಟಕ ತಿದ್ದುಪಡಿಯು ಹೆಣ್ಣುಮಕ್ಕಳಿಗೂ ಹುಟ್ಟಿನಿಂದಲೇ ಹಕ್ಕನ್ನು ನೀಡಿತು. ಆದರೆ ಆ ವೇಳೆಗಾಗಲೇ ಮದುವೆಯಾಗಿದ್ದವರನ್ನು ಹೊರಗಿಟ್ಟಿತು.
- 2005 – ಸೆಪ್ಟೆಂಬರ್ 9ರಂದು ಜಾರಿಗೆ ಬಂದ ಕೇಂದ್ರದ ತಿದ್ದುಪಡಿಯು ಮದುವೆಯಾದವರು, ಆಗದವರು ಎಂಬ ಭೇದವನ್ನು ತೆಗೆದುಹಾಕಿತು. 2004ರ ಡಿಸೆಂಬರ್ 20ಕ್ಕೆ ಮೊದಲು ಕಾನೂನುಬದ್ಧವಾಗಿ ನಡೆದ ವಿಭಾಗಗಳಿಗೆ ಅದು ಧಕ್ಕೆ ತರಲಿಲ್ಲ.
- 2020 – ಆಗಸ್ಟ್ 11ರಂದು ವಿನೀತಾ ಶರ್ಮಾ ವಿರುದ್ಧ ರಾಕೇಶ್ ಶರ್ಮಾ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು, ಮಗಳ ಹಕ್ಕು ಹುಟ್ಟಿನಿಂದ ಬರುವುದರಿಂದ 2005ರ ಆ ದಿನದಂದು ತಂದೆ ಬದುಕಿರಬೇಕಾಗಿಲ್ಲ ಎಂದು ತೀರ್ಪು ನೀಡಿತು.

ಮಗಳು ತನ್ನ ಪಾಲನ್ನು ಸಹೋದರರಿಗೆ ಬಿಟ್ಟುಕೊಡಲು ಸ್ವತಂತ್ರಳು. ಆದರೆ ಸ್ಥಿರಾಸ್ತಿಯ ಹಕ್ಕನ್ನು ಬಿಟ್ಟುಕೊಡಲು ಹಕ್ಕು ಬಿಡುಗಡೆ ಪತ್ರವನ್ನು ಬರೆದು ನೋಂದಣಿ ಅಧಿನಿಯಮ, 1908ರಂತೆ ಉಪನೋಂದಣಾಧಿಕಾರಿಯ ಕಚೇರಿಯಲ್ಲಿ ನೋಂದಾಯಿಸಬೇಕು. ಆಕೆಯ ಹೆಸರನ್ನು ವಂಶವೃಕ್ಷದಲ್ಲಿ ಬರೆದು, ಅನಂತರ ಆಕೆಯಿಂದಲೇ ಬಿಡುಗಡೆ ಪಡೆಯುವುದು ಸರಿಯಾದ ಕ್ರಮ. ಬಿಡುಗಡೆ ನೀಡುತ್ತಾಳೆಂಬ ನಂಬಿಕೆಯಿಂದ ಹೆಸರನ್ನೇ ಬರೆಯದಿರುವುದು ಸುಳ್ಳು ಪ್ರಮಾಣವಾಗುತ್ತದೆ. ತಂದೆ ಬದುಕಿರುವಾಗ ಅವರ ಸ್ವಂತ ಆಸ್ತಿಯಲ್ಲಿ ಮುಂದೆ ಬರಬಹುದಾದ ಪಾಲನ್ನು ಬಿಟ್ಟುಕೊಟ್ಟೆನೆಂದು ಬರೆದುಕೊಟ್ಟರೂ, ಆಸ್ತಿ ವರ್ಗಾವಣೆ ಅಧಿನಿಯಮ, 1882ರ 6ನೆಯ ಪ್ರಕರಣದಂತೆ ಅಂತಹ ನಿರೀಕ್ಷೆಯನ್ನು ವರ್ಗಾಯಿಸಲು ಬರುವುದಿಲ್ಲ.

ಅಪ್ರಾಪ್ತ ವಯಸ್ಸಿನ ಮಕ್ಕಳ ಹೆಸರನ್ನೂ ಬಿಡುವಂತಿಲ್ಲ. ಹಿಂದೂ ಅಪ್ರಾಪ್ತರ ಸ್ಥಿರಾಸ್ತಿಯನ್ನು ಸಹಜ ಪೋಷಕರು ಮಾರಬೇಕಾದರೆ ನ್ಯಾಯಾಲಯದ ಪೂರ್ವಾನುಮತಿ ಬೇಕಾಗುತ್ತದೆ. ನಾಪತ್ತೆಯಾದ ಸದಸ್ಯರನ್ನು 'ಮೃತ' ಎಂದು ಬರೆಯುವುದೂ ತಪ್ಪು. ಏಳು ವರ್ಷಗಳ ಕಾಲ ಸುದ್ದಿಯಿಲ್ಲದವರನ್ನು ಮೃತರೆಂದು ಭಾವಿಸಲು ಸಾಕ್ಷ್ಯ ಕಾನೂನಿನಲ್ಲಿ ಅವಕಾಶವಿದ್ದರೂ, ಆ ತೀರ್ಮಾನವು ನ್ಯಾಯಾಲಯಕ್ಕೆ ಸೇರಿದ್ದು.

## ಕಾನೂನಿನ ಬೆಲೆ ಮತ್ತು ಮಿತಿ

ವಂಶವೃಕ್ಷದ ದಾಖಲೆಗಳು ಆಡಳಿತದ ಅನುಕೂಲಕ್ಕಾಗಿ ಇರುವಂಥವು. ಅವುಗಳ ಆಧಾರದ ಮೇಲೆ ಖಾತೆ ಬದಲಾದರೂ ಮಾಲೀಕತ್ವದ ಪ್ರಶ್ನೆ ಅಲ್ಲಿಗೆ ಮುಗಿಯುವುದಿಲ್ಲ. ಕಂದಾಯ ದಾಖಲೆಯ ನಮೂದು ಹಕ್ಕನ್ನು ಸೃಷ್ಟಿಸುವುದೂ ಇಲ್ಲ, ಅಳಿಸುವುದೂ ಇಲ್ಲ ಎಂದು ಸರ್ವೋಚ್ಚ ನ್ಯಾಯಾಲಯವು 1996ರ ಸವರ್ಣಿ ವಿರುದ್ಧ ಇಂದರ್ ಕೌರ್ ಪ್ರಕರಣದಲ್ಲಿ ಹೇಳಿದೆ. ಕರ್ನಾಟಕ ಭೂ ಕಂದಾಯ ಅಧಿನಿಯಮದ 133ನೆಯ ಪ್ರಕರಣವೂ ಹಕ್ಕು ದಾಖಲೆಯ ನಮೂದನ್ನು ವ್ಯತಿರಿಕ್ತವಾಗಿ ರುಜುವಾತಾಗುವವರೆಗೆ ಮಾತ್ರ ನಿಜವೆಂದು ಭಾವಿಸುತ್ತದೆ.

ನಾಮನಿರ್ದೇಶನದ ವಿಷಯದಲ್ಲಿಯೂ ಇದೇ ತತ್ತ್ವವಿದೆ. ಜೀವವಿಮೆಯ ನಾಮಿನಿಯು ಹಣವನ್ನು ಪಡೆಯಬಹುದು, ಆದರೆ ಅದು ವಾರಸುದಾರರಿಗೆ ಸೇರಿದ್ದು ಎಂದು ಸರ್ವೋಚ್ಚ ನ್ಯಾಯಾಲಯವು ಸರ್ಬತಿ ದೇವಿ ಪ್ರಕರಣದಲ್ಲಿ (1984) ಹೇಳಿತು. ವಿಮಾ ಕಾಯಿದೆಗೆ 2015ರಲ್ಲಿ ಬಂದ ತಿದ್ದುಪಡಿಯು ತಂದೆ ತಾಯಿ, ಪತಿ ಪತ್ನಿ ಮತ್ತು ಮಕ್ಕಳು ನಾಮಿನಿಯಾಗಿದ್ದಾಗ ಅವರಿಗೇ ಹಣದ ಹಕ್ಕನ್ನು ನೀಡಿದೆ. ಕಂಪನಿಯ ಷೇರುಗಳ ನಾಮಿನಿಯು ವಾರಸುದಾರರನ್ನು ಬದಿಗೆ ಸರಿಸಲಾರ ಎಂದು 2023ರ ಶಕ್ತಿ ಯೆಜ್ದಾನಿ ಪ್ರಕರಣದಲ್ಲಿ ತೀರ್ಪು ಬಂದಿದೆ.

ವಿವಾದವು ನ್ಯಾಯಾಲಯಕ್ಕೆ ಹೋದಾಗ ವಂಶವೃಕ್ಷವನ್ನು ಸಾಕ್ಷ್ಯದಿಂದ ರುಜುವಾತುಪಡಿಸಬೇಕಾಗುತ್ತದೆ. ಸಂಬಂಧವನ್ನು ಚೆನ್ನಾಗಿ ಬಲ್ಲವರಾಗಿದ್ದು ಈಗ ತೀರಿಕೊಂಡಿರುವ ವ್ಯಕ್ತಿಯು, ವಿವಾದ ಹುಟ್ಟುವ ಮೊದಲೇ ಆ ಕುರಿತು ಹೇಳಿದ ಅಥವಾ ಬರೆದಿಟ್ಟ ಮಾತಿಗೆ ಸಾಕ್ಷ್ಯ ಕಾನೂನಿನಲ್ಲಿ ಮಾನ್ಯತೆಯಿದೆ. ಆದ್ದರಿಂದ ಹಳೆಯ ವಿಭಾಗಪತ್ರಗಳು, ಲಗ್ನಪತ್ರಿಕೆಗಳು, ಮನೆಯ ಹಿರಿಯರು ಬರೆದಿಟ್ಟ ಜನ್ಮದಿನಗಳ ಟಿಪ್ಪಣಿಗಳು ಕೂಡ ಉಪಯುಕ್ತವಾಗಬಹುದು. ಆಸ್ತಿಯ ಜಗಳ ಆರಂಭವಾದ ಮೇಲೆ ಸಿದ್ಧಪಡಿಸಿದ ವಂಶವೃಕ್ಷಕ್ಕೆ ಅಂತಹ ತೂಕ ಇರುವುದಿಲ್ಲ.

## ಹೆಸರು ಬಿಟ್ಟುಹೋದವರಿಗೆ ಪರಿಹಾರ

ವಂಶವೃಕ್ಷದಿಂದ ಹೆಸರು ಬಿಟ್ಟುಹೋದ ವಾರಸುದಾರರಿಗೆ ಈ ಮಾರ್ಗಗಳಿವೆ:

- ಖಾತೆ ಬದಲಾವಣೆಯ ನೋಟಿಸಿನ ಅವಧಿಯೊಳಗೆ ತಿಳಿದುಬಂದರೆ, ಲಿಖಿತ ಆಕ್ಷೇಪಣೆಯನ್ನು ಸಲ್ಲಿಸಿ ಸ್ವೀಕೃತಿ ಪಡೆಯುವುದು.
- ಖಾತೆ ಬದಲಾದ ನಂತರ ತಿಳಿದುಬಂದರೆ, ಭೂ ಕಂದಾಯ ಅಧಿನಿಯಮದ 136ನೆಯ ಪ್ರಕರಣದಂತೆ ಉಪವಿಭಾಗಾಧಿಕಾರಿಗೆ ಮೇಲ್ಮನವಿ, ಅನಂತರ ಜಿಲ್ಲಾಧಿಕಾರಿಗೆ ಪುನರೀಕ್ಷಣಾ ಅರ್ಜಿ ಸಲ್ಲಿಸುವುದು.
- ಹಕ್ಕಿನ ಘೋಷಣೆ ಮತ್ತು ಪಾಲುವಿಭಾಗಕ್ಕಾಗಿ ಸಿವಿಲ್ ನ್ಯಾಯಾಲಯದಲ್ಲಿ ದಾವೆ ಹೂಡುವುದು. ಅಂತಿಮ ತೀರ್ಮಾನವು ಇಲ್ಲಿಯೇ ಆಗುತ್ತದೆ. ಆಸ್ತಿ ಮಾರಾಟವಾಗುವ ಭೀತಿಯಿದ್ದರೆ ತಡೆಯಾಜ್ಞೆಯನ್ನೂ ಕೋರಬಹುದು.

ಹಕ್ಕು ಉಳಿದಿದ್ದರೂ ವಿಳಂಬದಿಂದ ಕಷ್ಟಗಳು ಹೆಚ್ಚುತ್ತವೆ. ಆಸ್ತಿಯು ಮೂರನೆಯವರಿಗೆ ಮಾರಾಟವಾಗಿ, ಅಲ್ಲಿ ಮನೆ ಕಟ್ಟಿದ ಮೇಲೆ ಪಾಲನ್ನು ಬೇರ್ಪಡಿಸಿ ಪಡೆಯುವುದು ಸುಲಭವಲ್ಲ. ಕೊಂಡವರೂ ವ್ಯಾಜ್ಯದಲ್ಲಿ ಸಿಲುಕುತ್ತಾರೆ. ಈ ಕಾರಣದಿಂದಲೇ ಜಮೀನು ಕೊಳ್ಳುವವರ ವಕೀಲರು ಮಾರುವವರ ವಂಶವೃಕ್ಷವನ್ನು ಕೇಳಿ, ಹೆಣ್ಣುಮಕ್ಕಳ ಸಹಿ ಇದೆಯೇ ಎಂದು ನೋಡುತ್ತಾರೆ.

## ಸುಳ್ಳು ಪ್ರಮಾಣ

ಸಾಕ್ಷ್ಯವಾಗಿ ಸ್ವೀಕರಿಸಲು ಕಾನೂನಿನ ಅಧಿಕಾರವುಳ್ಳ ನ್ಯಾಯಾಲಯ ಅಥವಾ ಲೋಕಸೇವಕರ ಮುಂದೆ ಸಲ್ಲಿಸುವ ಘೋಷಣೆಯಲ್ಲಿ ತಿಳಿದೂ ಸುಳ್ಳು ಹೇಳುವುದು ಅಪರಾಧ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 236ನೆಯ ಪ್ರಕರಣವು ಇದನ್ನು ಸುಳ್ಳು ಸಾಕ್ಷ್ಯಕ್ಕೆ ಸಮಾನವಾಗಿ ಪರಿಗಣಿಸುತ್ತದೆ. ಅಂತಹ ಘೋಷಣೆಯನ್ನು ಸುಳ್ಳೆಂದು ತಿಳಿದೂ ಬಳಸುವುದು 237ನೆಯ ಪ್ರಕರಣದಂತೆ ಅಪರಾಧ. ಸುಳ್ಳು ಸಾಕ್ಷ್ಯಕ್ಕೆ ನ್ಯಾಯಿಕ ವ್ಯವಹರಣೆಯಲ್ಲಾದರೆ 7 ವರ್ಷಗಳವರೆಗೆ, ಇತರ ಸಂದರ್ಭಗಳಲ್ಲಿ 3 ವರ್ಷಗಳವರೆಗೆ ಸೆರೆವಾಸ ಮತ್ತು ದಂಡ ವಿಧಿಸಬಹುದು. ಸಾಕ್ಷಿಗಳಾಗಿ ಸಹಿ ಹಾಕುವವರು ಕುಟುಂಬವನ್ನು ನಿಜವಾಗಿ ಬಲ್ಲವರಾಗಿರಬೇಕೆಂಬುದು ಇದರಿಂದ ಸ್ಪಷ್ಟ.

ಅರಿಯದೆ ಆದ ತಪ್ಪು ಇದಕ್ಕಿಂತ ಭಿನ್ನ. ಹೆಸರು ಅಥವಾ ವಯಸ್ಸಿನಲ್ಲಿ ತಪ್ಪಾಗಿದ್ದರೆ ತಿದ್ದುಪಡಿ ಪ್ರಮಾಣಪತ್ರವನ್ನು ಸಲ್ಲಿಸಬಹುದು. ಒಬ್ಬರೇ ವ್ಯಕ್ತಿಗೆ ಮನೆಯಲ್ಲಿ ಒಂದು, ಶಾಲೆಯಲ್ಲಿ ಒಂದು ಹೆಸರಿದ್ದರೆ ವಂಶವೃಕ್ಷದಲ್ಲಿ ಎರಡನ್ನೂ 'ಉರುಫ್' ಎಂದು ಸೇರಿಸಿ ಬರೆಯುವುದು ರೂಢಿ.

## ಹೊರದೇಶದಲ್ಲಿರುವ ವಾರಸುದಾರರು

ವಿದೇಶದಲ್ಲಿ ನೆಲೆಸಿರುವ ಮಕ್ಕಳೂ, ಬೇರೆ ದೇಶದ ಪೌರತ್ವ ಪಡೆದವರೂ ವಾರಸುದಾರರಾಗಿಯೇ ಉಳಿಯುತ್ತಾರೆ. ಪ್ರಮಾಣಪತ್ರವನ್ನು ಅಲ್ಲಿಂದ ಕಳುಹಿಸಬೇಕಾದಾಗ ಭಾರತೀಯ ರಾಯಭಾರ ಅಥವಾ ದೂತಾವಾಸ ಕಚೇರಿಯಲ್ಲಿ ದೃಢೀಕರಿಸಬಹುದು. ಅಪೊಸ್ಟಿಲ್ ಒಪ್ಪಂದಕ್ಕೆ ಸೇರಿದ ದೇಶಗಳಲ್ಲಿ ಅಲ್ಲಿನ ನೋಟರಿಯ ಮುಂದೆ ಸಹಿ ಹಾಕಿ ಅಪೊಸ್ಟಿಲ್ ಮುದ್ರೆ ಪಡೆಯುವ ಕ್ರಮವೂ ಇದೆ. ಭಾರತವು 2005ರಿಂದ ಈ ಒಪ್ಪಂದದ ಸದಸ್ಯ ರಾಷ್ಟ್ರವಾಗಿದೆ.

## ಇತರ ದೇಶಗಳಲ್ಲಿ

ಇದೇ ಅಗತ್ಯಕ್ಕೆ ಬೇರೆ ದೇಶಗಳಲ್ಲಿ ಬೇರೆ ವ್ಯವಸ್ಥೆಗಳಿವೆ. ಅಮೆರಿಕ ಸಂಯುಕ್ತ ಸಂಸ್ಥಾನದ ಟೆಕ್ಸಾಸ್ ರಾಜ್ಯದಲ್ಲಿ ವಾರಸುದಾರರ ಕುರಿತ ಅಫಿಡವಿಟ್ಟನ್ನು ಕೌಂಟಿಯ ಭೂದಾಖಲೆಗಳಲ್ಲಿ ಸೇರಿಸಲಾಗುತ್ತದೆ. ಅದು ಐದು ವರ್ಷಗಳ ಕಾಲ ದಾಖಲೆಯಲ್ಲಿದ್ದರೆ ಅದರಲ್ಲಿರುವ ಕುಟುಂಬದ ವಿವರಗಳನ್ನು ನ್ಯಾಯಾಲಯವು ಮೇಲ್ನೋಟದ ಸಾಕ್ಷ್ಯವಾಗಿ ಸ್ವೀಕರಿಸುತ್ತದೆ. ಅದು ತಪ್ಪೆಂದು ತೋರಿಸಲು ಇತರರಿಗೆ ಅವಕಾಶ ಇದ್ದೇ ಇರುತ್ತದೆ. ಆಸ್ತಿಯಲ್ಲಿ ಸ್ವಂತ ಲಾಭವಿಲ್ಲದ ಇಬ್ಬರು ಸಾಕ್ಷಿಗಳಿಂದ ಪ್ರಮಾಣ ಮಾಡಿಸುವುದು ಅಲ್ಲಿನ ರೂಢಿ. ಫ್ರಾನ್ಸಿನಲ್ಲಿ ವಾರಸುದಾರರ ಪಟ್ಟಿಯನ್ನು ನೋಟರಿಯೇ ದಾಖಲೆಗಳನ್ನು ಪರಿಶೀಲಿಸಿ ಸಿದ್ಧಪಡಿಸುತ್ತಾರೆ. ಜರ್ಮನಿಯಲ್ಲಿ ಅರ್ಜಿದಾರರು ಪ್ರಮಾಣಪೂರ್ವಕ ಹೇಳಿಕೆ ನೀಡಿದ ಮೇಲೆ ಉತ್ತರಾಧಿಕಾರ ನ್ಯಾಯಾಲಯವು ವಾರಸುದಾರಿಕೆಯ ಪತ್ರವನ್ನು ನೀಡುತ್ತದೆ.

ಕರ್ನಾಟಕದ ರೂಢಿಯಲ್ಲಿ ವಂಶವೃಕ್ಷಕ್ಕೆ ಪ್ರಮಾಣ ಮಾಡುವವರು ಸಾಮಾನ್ಯವಾಗಿ ಆಸ್ತಿಯಲ್ಲಿ ಪಾಲುಳ್ಳವರೇ ಆಗಿರುತ್ತಾರೆ. ಆದ್ದರಿಂದ ಸ್ಥಳ ವಿಚಾರಣೆ, ನೋಟಿಸು ಮತ್ತು ಆಕ್ಷೇಪಣೆಯ ಅವಧಿ ಇವುಗಳೇ ಇಲ್ಲಿ ಹೆಸರು ಬಿಟ್ಟುಹೋದವರಿಗೆ ಇರುವ ಮೊದಲ ರಕ್ಷಣೆಗಳಾಗಿವೆ.